ಬೆರಳು ಎಣಿಸುತ್ತಾ ನಾಲ್ಕು ತಾಲ್ಲೂಕು

ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾರಿನಿಂದ ಇಳಿದ ಕೂಡಲೇ ಅಕ್ಕನ ಮಗ ಮಾಡಿದ ಮೊದಲ ಕೆಲಸ ತನ್ನ ಬಲಗೈ ಬೆರಳುಗಳನ್ನು ಎಣಿಸಿದ್ದು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ರಂಗನಾಥಸ್ವಾಮಿ ಗುಡಿಯ ಗೋಪುರವನ್ನು ಒಮ್ಮೆ ನೋಡಿ, ಕಣ್ಣು ಬೇರೆಡೆ ಹೊರಳಿಸಿ, ಮತ್ತೆ ನೋಡಿದ. ಗೋಪುರ ಇದ್ದ ಹಾಗೇ ಇತ್ತು. "ಎಚ್ಚರವಾಗೇ ಇದ್ದೀವಿ ಮಾವ" ಎಂದ.

ಅವನಿಗೆ ಇಪ್ಪತ್ತು ವರ್ಷ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಮೂರು ತಿಂಗಳಿಂದ ಓದಿನ ಜತೆಗೆ ಲೂಸಿಡ್ ಡ್ರೀಮಿಂಗ್ ಕಲಿಯುತ್ತಿದ್ದಾನೆ. ಕನಸು ನಡೆಯುತ್ತಿರುವಾಗಲೇ 'ಇದು ಕನಸು' ಎಂದು ಅರಿಯುವುದು, ಅರಿತ ಮೇಲೂ ಏಳದೆ ಆ ಕನಸಿನೊಳಗೇ ಓಡಾಡುವುದು, ಸಾಧ್ಯವಾದರೆ ಅದನ್ನು ಬೇಕಾದ ಕಡೆಗೆ ತಿರುಗಿಸುವುದು. ಬೆರಳೆಣಿಕೆ ಅದರ ಮೊದಲ ಪಾಠ. ಹಗಲಲ್ಲಿ ಹತ್ತಾರು ಸಲ ಎಣಿಸಿ ರೂಢಿಯಾದರೆ ಕನಸಿನಲ್ಲೂ ಕೈ ತಾನಾಗಿ ಮೇಲೇಳುತ್ತದಂತೆ. ಕನಸಿನ ಕೈಗೆ ಆರೋ ಏಳೋ ಬೆರಳು ಮೂಡಿರುತ್ತವೆ. ಗುಟ್ಟು ಅಲ್ಲಿ ಒಡೆಯುತ್ತದೆ.

ಅಕ್ಕನಿಗೆ ಭಯ ಹತ್ತಿತ್ತು. "ನೋಡೋ, ನಿದ್ದೇಲಿ ಎಚ್ಚರ ಇರೋದು ಕಲೀತಾನಂತೆ. ಆಮೇಲೆ ಎಚ್ಚರದಲ್ಲಿ ನಿದ್ದೆ ಮಾಡೋ ಹಂಗಾದ್ರೆ? ತಲೆ ಒಂದ್ಸಲ ಕೆಟ್ರೆ ವಾಪಸ್ ಸರಿಹೋಗುತ್ತಾ?" ಎಂದು ಫೋನಿನಲ್ಲಿ ಅತ್ತಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ನಾನು ಹುಟ್ಟಿ ಬೆಳೆದ ಈ ಸೀಮೆ ಕನಸುಗಳ ಮೇಲೇ ನಿಂತದ್ದು ಎಂಬುದು ಗೊತ್ತಿತ್ತು. ನಾಲ್ಕು ದಿನ ಹುಡುಗನನ್ನು ಕರೆದುಕೊಂಡು ಸುತ್ತಿ ಬರುತ್ತೇನೆ ಎಂದೆ.

ಮೊದಲ ಬೆರಗು ಗರ್ಭಗುಡಿಯಲ್ಲೇ ಕಾದಿತ್ತು. ಚಿಕ್ಕಂದಿನಿಂದ ಎಷ್ಟು ಸಲ ಕೈಮುಗಿದಿದ್ದೇನೋ, ಅಂದು ಮಾತ್ರ ಹೊಸದಾಗಿ ಕಂಡಿತು: ಆದಿರಂಗ ಮಲಗಿದ್ದಾನೆ, ನಿದ್ದೆ ಹೋಗಿಲ್ಲ. ಅವನದು ಯೋಗನಿದ್ರೆ. ಆದಿಶೇಷನ ಮೇಲೆ ಒರಗಿ, ಕಾವೇರಿಯ ಎರಡು ಕವಲುಗಳ ನಡುವೆ, ಜಗತ್ತೆಲ್ಲವನ್ನೂ ತಿಳಿದೇ ಮಲಗಿರುವ ದೇವರು. ಹುಡುಗ ದೀಪದ ಬೆಳಕಿನಲ್ಲಿ ಆ ಕಪ್ಪು ಕಲ್ಲಿನ ಉದ್ದವನ್ನೇ ನೋಡುತ್ತಾ ನಿಂತುಬಿಟ್ಟ. ಹಿಂದಿನವರು ಮುಂದೆ ಹೋಗಿ ಎಂದ ಮೇಲೇ ಕದಲಿದ್ದು.

ಗುಡಿಗೆ ಕೂಗಳತೆಯಲ್ಲಿ ಟಿಪ್ಪುವಿನ ಲಾಲ್ ಮಹಲ್ ಇತ್ತು. ಈಗ ಉಳಿದಿರುವುದು ನೆಲಗಟ್ಟಿನ ಗುರುತು, ಹುಲ್ಲು, ಮೇಯುವ ಒಂದೆರಡು ಆಡು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಈ ಅರಮನೆಯಲ್ಲಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಪಾರ್ಸಿಯಲ್ಲಿ, ಟಿಪ್ಪುವಿನದೇ ಕೈಬರಹ. ತೆರೆದರೆ ಕಂದಾಯದ ಲೆಕ್ಕವೂ ಇಲ್ಲ, ಯುದ್ಧದ ಲೆಕ್ಕವೂ ಇಲ್ಲ. ಕನಸುಗಳು! 1785ರಿಂದ 1798ರವರೆಗಿನ 37 ಕನಸುಗಳು. ಆಪ್ತ ಸೇವಕ ಹಬೀಬುಲ್ಲಾಗೆ ಅಂಥದೊಂದು ಪುಸ್ತಕ ಇದೆ ಎಂದು ಗೊತ್ತಿತ್ತು, ಕಣ್ಣಿಂದ ನೋಡಿರಲಿಲ್ಲ. ಸುಲ್ತಾನ ಅದನ್ನು ಓದುವಾಗಲೋ ಬರೆಯುವಾಗಲೋ ಯಾರಾದರೂ ಹತ್ತಿರ ಬಂದರೆ ಮರೆಮಾಡುತ್ತಿದ್ದನಂತೆ. ಮರುವರ್ಷ ಅದು ಲಂಡನ್ನಿಗೆ ಹೋಯಿತು, ಇವತ್ತಿಗೂ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಹಮೂದ್ ಹುಸೇನ್ ಅದನ್ನು ಇಂಗ್ಲಿಷಿಗೆ ತಂದರು. ನಮ್ಮ ಗಿರೀಶ ಕಾರ್ನಾಡರು ಅದರಿಂದ 'ಟಿಪ್ಪು ಸುಲ್ತಾನ ಕಂಡ ಕನಸು' ನಾಟಕ ಮಾಡಿದರು.

ಹುಲ್ಲಿನ ಮೇಲೆ ಕೂತು ನಾನು ಓದಿದ್ದ ಕನಸುಗಳನ್ನು ಅವನಿಗೆ ಹೇಳಿದೆ. ಮೂರು ಬೆಳ್ಳಿ ತಟ್ಟೆಗಳಲ್ಲಿ ಹಸಿ ಖರ್ಜೂರ ಬಂದದ್ದು, ಟಿಪ್ಪು ಅದನ್ನು ಮೂವರು ಶತ್ರುಗಳ ರಾಜ್ಯ ಕೈಗೆ ಬರುವ ಸೂಚನೆ ಎಂದುಕೊಂಡದ್ದು. ಹುಲಿಯಂತೆ ಪಟ್ಟೆಯಿದ್ದ ವಿಚಿತ್ರ ಹಸು. ಹಿಂಭಾಗ ಜಖಂ ಆಗಿದ್ದ ದೊಡ್ಡದೊಂದು ಗುಡಿ, ಒಳಗೆ ಕಣ್ಣು ಆಡಿಸುವ ವಿಗ್ರಹಗಳು, ಅವುಗಳಲ್ಲಿ ಒಂದರ ಜತೆ ಮಾತಾಡಿ ಆ ಗುಡಿಯನ್ನು ದುರಸ್ತಿ ಮಾಡಿಸಲು ಹೇಳಿ ಎಚ್ಚರಾದದ್ದು.

ಹುಡುಗನ ಕಿವಿ ನಿಮಿರಿದ್ದು ಇನ್ನೊಂದು ಕನಸಿಗೆ. ಮರಾಠರ ಮೇಲೆ ದಾಳಿಗೆ ಹೊರಡುವ ಮುಂಚೆ ಬಿದ್ದದ್ದು. ಚೆಂದದ ಯುವಕನೊಬ್ಬ ಬಂದು ಎದುರು ಕೂರುತ್ತಾನೆ. ಟಿಪ್ಪು ಅವನೊಡನೆ ಸಲಿಗೆಯಿಂದ, ಹೆಂಗಸಿನ ಜತೆ ಮಾತಾಡುವ ಹಾಗೆ ಮಾತಾಡುತ್ತಾನೆ. ಆಗ ಕನಸಿನೊಳಗೇ ಅವನ ಮನಸ್ಸು ತಡೆಯುತ್ತದೆ: ಹೀಗೆ ಯಾರೊಡನೆಯೂ ಹುಡುಗಾಟ ಆಡುವವನಲ್ಲವಲ್ಲ ನಾನು! ಸ್ವಲ್ಪ ಹೊತ್ತಿಗೆ ಆ ಯುವಕ ಎದ್ದು ಪೇಟ ಬಿಚ್ಚಿ ಕೂದಲು ಇಳಿಬಿಡುತ್ತಾನೆ. ನೋಡಿದರೆ ಹೆಂಗಸು. ಎದ್ದ ಟಿಪ್ಪು, ಎದುರಾಳಿಗಳು ಗಂಡಿನ ವೇಷದ ಹೆಂಗಸರೇ ಎಂದು ಅರ್ಥ ಹಚ್ಚಿ ದಾಳಿಗೆ ಹೊರಟ.

"ಮಾವ, ಇನ್ನೊಂದೇ ಹೆಜ್ಜೆ!" ಹುಡುಗ ಎದ್ದು ನಿಂತಿದ್ದ. "'ಇದು ನನ್ನ ರೀತಿ ಅಲ್ಲವಲ್ಲ' ಅಂತ ಅನ್ಸಿದೆ. ಹಂಗಾದ್ರೆ ಇದು ಕನಸೇ ಇರಬೇಕು ಅಂತ ಅನ್ಸಿದ್ರೆ ಮುಗೀತಿತ್ತು. ಬಾಗಿಲು ತನಕ ಬಂದು ವಾಪಸ್ ಹೋಗಿದ್ದಾರೆ."

ನನ್ನ ಮೈ ಜುಮ್ಮೆಂದಿತು. ಇತಿಹಾಸದವರು ಆ ಕನಸನ್ನು ರಾಜಕೀಯಕ್ಕೆ ಓದಿದ್ದಾರೆ, ನಾಟಕದವರು ಮನುಷ್ಯನನ್ನು ಹುಡುಕಲು ಓದಿದ್ದಾರೆ. ಇಪ್ಪತ್ತರ ಹುಡುಗ ಆ ಒಂದು ಸಾಲಿನಲ್ಲಿ ಬಾಗಿಲು ಕಂಡ. ಅಂದು ಸಂಜೆ ಕಾವೇರಿಯ ಮೆಟ್ಟಿಲ ಮೇಲೆ ಕೂತು ಅವನು ಹೇಳಿದ ಕಥೆಯೂ ಕಡಿಮೆಯದಲ್ಲ. ಕನಸು ಬೀಳುವ ರೆಮ್ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸೋತು ಬಿದ್ದಿರುತ್ತವೆ, ಆದರೆ ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತಿರುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ, ಅಲನ್ ವರ್ಸ್ಲಿ ಎಂಬುವನನ್ನು ಯಂತ್ರಗಳ ನಡುವೆ ಮಲಗಿಸಿದ. ಕನಸಿನೊಳಗೆ ಅರಿವು ಬಂದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಎಣಿಸಿ ಆಡಿಸಬೇಕು ಎಂಬುದು ಮಾತು. ಯಂತ್ರದ ಕಾಗದದ ಮೇಲೆ ಆ ಗೆರೆಗಳು ಮೂಡಿದವು. ಕನಸಿನ ಒಳಗಿಂದ ಹೊರಗಿನವರಿಗೆ ಬಂದ ಓಲೆ ಅದು. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು 36 ಜನರನ್ನು ಮಲಗಿಸಿ ಇನ್ನೂ ಮುಂದೆ ಹೋದವು. ಕನಸು ಕಾಣುತ್ತಿದ್ದ ಒಬ್ಬನಿಗೆ ಹೊರಗಿನಿಂದ ಲೆಕ್ಕ ಕೊಟ್ಟರು: ಎಂಟರಲ್ಲಿ ಆರು ಕಳೆದರೆ? ಅವನು ನಿದ್ದೆಯಿಂದ ಏಳದೆ, ಕಣ್ಣನ್ನು ಎರಡು ಸಲ ಆಡಿಸಿ ಉತ್ತರ ಕೊಟ್ಟ.

ಹೊಳೆಯ ಸದ್ದಿನಲ್ಲಿ ಇದನ್ನು ಕೇಳುವಾಗ ಅಕ್ಕನ ಭಯ ನನಗೆ ಮರೆತೇಹೋಗಿತ್ತು.

ಮಾರನೆಯ ದಿನ ಪಾಂಡವಪುರ. ಹಿರೋಡೆ ಎಂಬ ಹಳೆಯ ಹೆಸರು, ಫ್ರೆಂಚರು ಬೀಡು ಬಿಟ್ಟಿದ್ದರಿಂದ ಬಂದ ಫ್ರೆಂಚ್ ರಾಕ್ಸ್ ಎಂಬ ಹೆಸರು, ಕುಂತಿಬೆಟ್ಟ. ಎಲ್ಲವನ್ನೂ ಕಾರಿನ ಕಿಟಕಿಯಿಂದಲೇ ತೋರಿಸಿ ಮೇಲುಕೋಟೆಗೆ ಹತ್ತಿದೆವು. ನನಗೆ ಬೇಕಿದ್ದದ್ದು ಆ ಊರು. ಒಂದು ಕನಸು ಕಟ್ಟಿದ ಊರು ಅದು. ತೊಣ್ಣೂರಿನಲ್ಲಿದ್ದ ರಾಮಾನುಜಾಚಾರ್ಯರ ಬಳಿ ನಾಮದ ಮಣ್ಣು ತೀರಿಹೋಯಿತು. ಆ ಕೊರಗಿನಲ್ಲೇ ಮಲಗಿದಾಗ ನಾರಾಯಣ ಕನಸಿಗೆ ಬಂದು, ಯದುಗಿರಿಯಲ್ಲಿ, ಅಂದರೆ ಈ ಮೇಲುಕೋಟೆಯ ಬೆಟ್ಟದಲ್ಲಿ, ಹುತ್ತದ ಕೆಳಗಿದ್ದೇನೆ, ಬಿಳಿ ಮಣ್ಣೂ ಅಲ್ಲೇ ಇದೆ, ಬಾ ಎಂದನಂತೆ. ಕಾಡು ಕಡಿದು, ಹುತ್ತ ಕರಗಿಸಿ ನೋಡಿದರೆ ತಿರುನಾರಾಯಣ. ಪರಂಪರೆ ಹೇಳುವ ಕಥೆ ಇದು. ಕಲ್ಯಾಣಿ ಕಣ್ಣೆದುರಿಗಿದೆ, ಬಿಳಿ ಮಣ್ಣು ಇವತ್ತಿಗೂ ನಾಮಕ್ಕೆ ಬಳಕೆಯಲ್ಲಿದೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಅಲ್ಲಾಡಿಸಿದ್ದು ಅದೇ ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದ ಒಂದು ಮಾತು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ ಕನಸನ್ನು 'ಸಂಧ್ಯ' ಎನ್ನುತ್ತದೆ, ಎರಡು ಸ್ಥಿತಿ ಕೂಡುವ ಸಂದು. ಶಂಕರರು ಕನಸಿನಲ್ಲಿ ಕಂಡದ್ದೆಲ್ಲ ಬರೀ ಮಾಯೆ ಎಂದು ಅರ್ಥ ಮಾಡಿದರು. ರಾಮಾನುಜರು ಒಪ್ಪಲಿಲ್ಲ. ಅವರ ಪ್ರಕಾರ ಕನಸಿನ ರಥ, ಕುದುರೆ, ಕೊಳಗಳನ್ನು ದೇವರೇ ಸೃಷ್ಟಿಸುತ್ತಾನೆ, ಆ ಒಬ್ಬ ಜೀವನಿಗಾಗಿ, ಅಷ್ಟೇ ಹೊತ್ತಿಗಾಗಿ. ಅವನ ಪುಟ್ಟ ಪುಟ್ಟ ಕರ್ಮಗಳ ಫಲ ಅಲ್ಲಿ ತೀರಲಿ ಎಂದು. ಎಂಥ ಔದಾರ್ಯ! ಊರಿನ ಬಡ ಕೂಲಿಯವನಿಗೂ ದಿನಾ ರಾತ್ರಿ ಅವನೊಬ್ಬನಿಗೇ ಮೀಸಲಾದ ಒಂದು ಲೋಕ. ಹುಡುಗ ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರೆ ನಾನು ಅದನ್ನ ತಿರುಗಿಸೋಕೆ ಹೋಗೋದು ಸರೀನಾ ಮಾವ?" ಆ ಪ್ರಶ್ನೆ ಅವನದೇ. ನಾನು ಬಾಯಿ ಹಾಕಲಿಲ್ಲ.

ಕಲ್ಯಾಣಿಯ ಬಳಿ ತುಳಸಿ ಮಾರುತ್ತಿದ್ದ ಅಜ್ಜಿಯೊಬ್ಬರು ನಮ್ಮ ಮಾತು ಕೇಳಿಸಿಕೊಂಡಿದ್ದರು. "ಕನಸ್ ಬಿದ್ರೆ ಯಾರ್ಗಾರಾ ಯೋಳ್ಬುಡ್ಬೇಕು ಕನಪ್ಪ. ಒಳ್ಗೇ ಮಡಿಕಬಾರ್ದು. ಯಾರೂ ಸಿಕ್ನಿಲ್ವಾ, ಹಸ ಮುಂದಾದ್ರೂ ಯೋಳು" ಎಂದರು. ಪುಳಿಯೋಗರೆ ತಿನ್ನುವಾಗಲೂ ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಮುಂದಿನ ತಾಲ್ಲೂಕು ಕೆ.ಆರ್. ಪೇಟೆ. ಅದಕ್ಕೆ ಹಿಂದೆ ಅತ್ತಿಕುಪ್ಪೆ ಎಂಬ ಹೆಸರಿತ್ತು. ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗೆ ಬಿಸಿಲು ಇಳಿಯುವ ಹೊತ್ತಿಗೆ ತಲುಪಿದೆವು. 13ನೆಯ ಶತಮಾನದ ಹೊಯ್ಸಳರ ತ್ರಿಕೂಟ. ಬುಡದಿಂದ ಒಂದರ ಮೇಲೊಂದು ಪಟ್ಟಿಗಳು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಒಂದಾನೆಯಂತೆ ಇನ್ನೊಂದಿಲ್ಲ. ಹುಡುಗ ಒಂದು ಆನೆ ನೋಡಿ, ಕಣ್ಣು ಮುಚ್ಚಿ ತೆರೆದು, ಮತ್ತೆ ನೋಡಿದ. ಆಮೇಲೆ ಬೆರಳು ಎಣಿಸಿದ. ಮತ್ತೆ ಎಣಿಸಿದ. ಒಂದೇ ಪ್ರದಕ್ಷಿಣೆಯಲ್ಲಿ ಒಂಬತ್ತು ಸಲ. ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

ಆ ರಾತ್ರಿ ಕಿಕ್ಕೇರಿ ಹತ್ತಿರದ ನೆಂಟರ ಮನೆಯಲ್ಲಿ ಉಳಿದೆವು. ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು, ಆ ಹೆಸರು ಕೇಳಿದರೇ ಮನಸ್ಸು ಹಗುರಾಗುವ ಊರು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆವು. ನಾಲ್ಕೂವರೆಗೆ ಅವನ ಫೋನಿನ ಅಲಾರಂ ಹೊಡೆಯಿತು. ಎದ್ದ, ದಿಂಬಿನ ಕೆಳಗಿನ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದ, ಅರ್ಧ ಗಂಟೆ ಗೋಡೆಗೊರಗಿ ಕೂತ, ಮತ್ತೆ ಮಲಗಿದ. ಅದೂ ಒಂದು ಪಾಠವಂತೆ. ರೆಮ್ ನಿದ್ದೆ ಬೆಳಗಿನ ಜಾವದಲ್ಲಿ ಹೆಚ್ಚು. ನಿದ್ದೆ ಮುರಿದು, ಎಚ್ಚರವನ್ನು ಕೈಯಲ್ಲಿ ಹಿಡಿದು ಅದರೊಳಕ್ಕೆ ಇಳಿಯಬೇಕು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಕನಸು ದಟ್ಟವಾಗುವ ಹೊತ್ತು ಯಾವುದೆಂದು ಅವರಿಗೆ ಯಾವ ಯಂತ್ರವೂ ಇಲ್ಲದೆ ಗೊತ್ತಿತ್ತು.

ಅವನು ಮಲಗಿದ ಮೇಲೆ ನನಗೂ ಜೊಂಪು ಹತ್ತಿತು. ಹೊಸಹೊಳಲಿನ ಗುಡಿ. ಆನೆಗಳ ಪಟ್ಟಿ ನಿಧಾನವಾಗಿ ನಡೆಯುತ್ತಿದೆ, ಕಲ್ಲಿನ ಕಾಲುಗಳಿಂದ ಧೂಳು ಏಳುತ್ತಿದೆ. ನನಗೆ ಅದರಲ್ಲಿ ಏನೂ ವಿಶೇಷ ಅನ್ನಿಸಲಿಲ್ಲ. ಒಂದಾನೆಯನ್ನು ಮುಟ್ಟಲು ಕೈ ಚಾಚಿದೆ. ಕೈಗೆ ಆರು ಬೆರಳಿದ್ದವು. ಕನಸು, ಎಂದುಕೊಂಡೆ. ಅಷ್ಟೇ ಸಾಕಾಯಿತು. ಇಡೀ ಗುಡಿ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗಿತು. ಪ್ರತಿ ಆನೆಯ ಸೊಂಡಿಲ ಸುಕ್ಕು, ಹಂಸದ ರೆಕ್ಕೆಯ ಗೆರೆ, ಬಿಸಿಲಿನ ಕಾವು. ಇಷ್ಟು ಸ್ಪಷ್ಟವಾಗಿ ನಾನು ಎಚ್ಚರದಲ್ಲೂ ಏನನ್ನೂ ನೋಡಿಲ್ಲ. ಎದೆ ಹೊಡೆದುಕೊಂಡು ಎಚ್ಚರವಾಯಿತು. ಹತ್ತು ಎಣಿಸುವಷ್ಟೂ ಹೊತ್ತು ಇರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಈ ಹುಡುಗ ಯಾಕೆ ಇದರ ಹಿಂದೆ ಬಿದ್ದಿದ್ದಾನೆಂದು ಆ ಚಾಪೆಯ ಮೇಲೆ ನನಗೆ ತಿಳಿಯಿತು. ಐವತ್ತೆಂಟರಲ್ಲಿ ನನಗೇ ಹೀಗಾದರೆ!

ಬೆಳಿಗ್ಗೆ ಕಾಫಿ ಹಿಡಿದು ಜಗಲಿಯಲ್ಲಿ ಕೂತಾಗ ನನ್ನ ಕನಸನ್ನು ಅವನಿಗೆ ಹೇಳಿದೆ. ಅವನ ಮುಖ ಅರಳಿತು, ಆಮೇಲೆ ಇಳಿಯಿತು. ಯಾರಿಗೂ ಹೇಳದ್ದನ್ನು ಹೇಳಿದ. ಮೂರು ತಿಂಗಳಿಂದ ದಿನಾ ನಾಲ್ಕೂವರೆಗೆ ಏಳುತ್ತಿದ್ದಾನೆ. ಕ್ಲಾಸಿನಲ್ಲಿ ಕೂತಾಗ ಕೆಲವೊಮ್ಮೆ ಎಲ್ಲರೂ ಗಾಜಿನ ಆಚೆ ಇದ್ದ ಹಾಗೆ ಅನ್ನಿಸುತ್ತದೆ. "ಬೆರಳು ಐದೇ ಇರುತ್ವೆ ಮಾವ. ಆದ್ರೂ ನಂಬಿಕೆ ಬರಲ್ಲ. ಇನ್ನೊಂದ್ಸಲ ಎಣಿಸ್ತೀನಿ." ಎರಡು ಸಲ ಎದೆಯ ಮೇಲೆ ಯಾರೋ ಕೂತ ಹಾಗಾಗಿ, ಕಣ್ಣು ತೆರೆದಿದ್ದರೂ ಕೈಕಾಲು ಆಡದೆ ಬಿದ್ದಿದ್ದನಂತೆ. ಮೈ ಇನ್ನೂ ರೆಮ್‌ನ ಸೋಲಿನಲ್ಲಿರುವಾಗ ಎಚ್ಚರ ಮಾತ್ರ ಮೊದಲೇ ಬಂದರೆ ಹಾಗಾಗುತ್ತದೆ. ನಿದ್ದೆಯನ್ನು ಹರಿದು ಹರಿದು ಹೊಲಿದರೆ ಇನ್ನೂ ಹೆಚ್ಚು.

ಅಕ್ಕನ ಪ್ರಶ್ನೆಗೆ ಉತ್ತರ ಆ ಜಗಲಿಯಲ್ಲೇ ಆಕಾರ ಪಡೆಯಿತು. ನಾನು ಹೊರಡುವ ಮುನ್ನ ಓದಿಕೊಂಡಿದ್ದರಲ್ಲಿ ಇಸ್ರೇಲಿನ ನಿರಿತ್ ಸೋಫರ್-ದುದೆಕ್ ಮತ್ತು ಅವರ ಜತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನವಿತ್ತು. ಅವರು ವಿದ್ಯಾರ್ಥಿಗಳನ್ನು ಎರಡು ತಿಂಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದರು. ಕನಸಿನಲ್ಲಿ ಅರಿವು ಗಾಢವಾಗಿರುವುದರಿಂದ ಮನಸ್ಸಿಗೆ ಕೇಡು ಕಾಣಲಿಲ್ಲ. ಅದನ್ನು ಬೇಕೆಂದೇ ಬರಿಸಿಕೊಳ್ಳುವ ಉಪಾಯಗಳನ್ನು ಮಾಡುತ್ತಿದ್ದವರಲ್ಲಿ ಮಾತ್ರ, ತನ್ನಿಂದ ತಾನು ದೂರವಾದಂಥ ಆ ಗಾಜಿನ ಭಾವನೆ ಮುಂದೆ ಹೆಚ್ಚಾಗಿತ್ತು. ಮನೋವಿಕಲತೆಯ ಹಿನ್ನೆಲೆ ಇರುವವರಿಗೆ ಈ ಅಭ್ಯಾಸ ತಕ್ಕದ್ದಲ್ಲ ಎಂದು ಬೇರೆ ಸಂಶೋಧಕರೂ ಎಚ್ಚರಿಸಿದ್ದಾರೆ. ಇನ್ನೊಂದು ಕಡೆ, ಕೆಟ್ಟ ಕನಸುಗಳಿಂದ ನರಳುವವರಿಗೆ ಇದನ್ನೇ ಕಲಿಸಿ ಆ ಕನಸುಗಳನ್ನು ಕಡಿಮೆ ಮಾಡಿದ ಚಿಕಿತ್ಸೆಗಳೂ ಇವೆ. ಪದೇ ಪದೇ ಅರಿವಿನ ಕನಸು ಕಾಣುವವರ ಮಿದುಳಿನಲ್ಲಿ, ಹಣೆಯ ಹಿಂದಿರುವ ತುದಿಭಾಗ ಹೆಚ್ಚು ದೊಡ್ಡದಾಗಿರುವುದನ್ನು ಜರ್ಮನಿಯವರು 2015ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಪಶ್ಯನ ಧ್ಯಾನವನ್ನು ವರ್ಷಗಟ್ಟಲೆ ಮಾಡಿದವರ ನಿದ್ದೆಯನ್ನು ಅಳೆದಾಗ ಅವರ ಗಾಢನಿದ್ದೆ, ರೆಮ್ ನಿದ್ದೆ ಎರಡೂ ಬೇರೆಯವರಿಗಿಂತ ಸಮೃದ್ಧವಾಗಿದ್ದವು. ಅವರು ನಿದ್ದೆಯ ಮೇಲೆ ಕೈ ಹಾಕಿದವರಲ್ಲ. ಹಗಲು ಕೂತು ಉಸಿರನ್ನು ನೋಡಿದವರು.

ಅಲ್ಲಿಂದ ಕಂಬದಹಳ್ಳಿಗೆ ಹೋದೆವು. ಅದು ನಾಗಮಂಗಲ ತಾಲ್ಲೂಕಿನದು, ಶ್ರವಣಬೆಳಗೊಳಕ್ಕೆ ಹತ್ತಿರ. ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ, ಪಂಚಕೂಟ ಬಸದಿ, ಯಾರೂ ಇಲ್ಲದ ಅಂಗಳ. ಜೈನರು ಕನಸನ್ನು ಎಣಿಸಿ ಇಟ್ಟವರು. ತೀರ್ಥಂಕರನನ್ನು ಹೊತ್ತ ತಾಯಿಗೆ ಆನೆ, ಗೂಳಿ, ಸಿಂಹ, ಲಕ್ಷ್ಮಿಯಿಂದ ಮೊದಲಾಗಿ ಹದಿನಾರು ಕನಸು ಬೀಳುತ್ತವೆ. ಮೌರ್ಯ ದೊರೆ ಚಂದ್ರಗುಪ್ತನಿಗೂ ಹದಿನಾರು. ಅವುಗಳಲ್ಲಿ ಬಂದ ಹನ್ನೆರಡು ಹೆಡೆಯ ಹಾವಿಗೆ ಅರ್ಥ ಹಚ್ಚಿ ಗುರು ಭದ್ರಬಾಹು ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ಹೇಳಿದರಂತೆ. ಮುನಿಗಳ ಸಂಘ ದಕ್ಷಿಣಕ್ಕೆ ನಡೆದು ಶ್ರವಣಬೆಳಗೊಳದ ಬೆಟ್ಟಗಳಿಗೆ ಬಂತು ಎಂಬುದು ಪರಂಪರೆ. ಆ ಅಂಗಳದಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ತೀರ್ಥಂಕರನ ತಾಯಿ ಬೆಳಗಾದೊಡನೆ ಗಂಡನಿಗೆ ಹೇಳಿದಳು. ಚಂದ್ರಗುಪ್ತ ಗುರುವಿಗೆ ಹೇಳಿದ. ರಾಮಾನುಜರು ಹೇಳಿದ್ದರಿಂದಲೇ ಜನ ಕೊಡಲಿ ಹಿಡಿದು ಕಾಡಿಗೆ ನಡೆದರು. ಹೇಳದೆ ಮುಚ್ಚಿಟ್ಟವನು ಟಿಪ್ಪು ಒಬ್ಬನೇ. ಹದಿಮೂರು ವರ್ಷ ತಾನೇ ಕಂಡು, ತಾನೇ ಬರೆದು, ಒಬ್ಬನೇ ಅರ್ಥ ಹಚ್ಚಿಕೊಂಡ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಾಗಮಂಗಲದ ಸೌಮ್ಯಕೇಶವನಿಗೆ ಕೈಮುಗಿದು ಆದಿಚುಂಚನಗಿರಿಗೆ ಹೋದೆವು. ಇದು ನಾಥ ಪಂಥದ ಬೆಟ್ಟ, ಕಾಲಭೈರವನ ಬೆಟ್ಟ. ಯೋಗಿಗಳು ನಿದ್ದೆಯ ಒಳಕ್ಕೆ ಎಚ್ಚರವನ್ನು ಒಯ್ಯಲು ಹೊರಟದ್ದು ಇಂದು ನಿನ್ನೆಯಲ್ಲ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ದೆಗಳನ್ನು ದಾಟಿ ನಾಲ್ಕನೆಯದೊಂದನ್ನು ತೋರಿಸಿತು. ಟಿಬೆಟ್ಟಿನ ಬೌದ್ಧರಲ್ಲಿ ಮಿಲಂ ಎಂಬ ಕನಸಿನ ಯೋಗವೇ ಇದೆ. ಆದರೆ ಗುರು ಜತೆಗಿರಬೇಕು, ಮೊದಲಿನ ಸಾಧನೆಗಳು ಆಗಿರಬೇಕು. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ನಿದ್ದೆಗೆಡುವವನಿಗೂ ಇಲ್ಲ ಎನ್ನುತ್ತದೆ. ಹುಡುಗನ ಕೈಯಲ್ಲಿದ್ದದ್ದು ಫೋನು ಮತ್ತು ಅಲಾರಂ. ಗುರುವೂ ಇರಲಿಲ್ಲ, ನಿದ್ದೆಯೂ ಉಳಿದಿರಲಿಲ್ಲ.

ಬೆಟ್ಟದ ಮೇಲೆ ಅವನ ಜತೆ ಸಂಜೆಯವರೆಗೆ ಮಾತಾಡಿದೆ. ಅಲಾರಂ ತೆಗೆಯುತ್ತೇನೆ, ಬೆರಳು ಎಣಿಸುವುದನ್ನು ನಿಲ್ಲಿಸುತ್ತೇನೆ, ನೋಟ್‌ಬುಕ್ ಮಾತ್ರ ಇರಲಿ ಎಂದ. ಇರಲಿ ಎಂದೆ. ಕನಸಿನಲ್ಲಿ ತಾನಾಗಿ ಅರಿವು ಬಂದರೆ? ಬಂದರೆ ಅದು ಪ್ರಸಾದ, ತಗೋ ಎಂದೆ. ನವಿಲುಗಳು ಕೂಗುತ್ತಿದ್ದವು. ಕತ್ತಲಾಗುವವರೆಗೂ ಅವನ ಕೈ ಮೇಲೇಳಲಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಮನಸ್ಸು ಬದಲಾಗುತ್ತಕ್ಕಾ. ಮೂರು ತಿಂಗಳು ಏನು ಮಾಡಿದ್ರೂ ಬದಲಾಗುತ್ತೆ. ಆದ್ರೆ ಕೆಟ್ಟಿಲ್ಲ. ಅವನಿಗೆ ಬೇಕಿರೋದು ನಿದ್ದೆ. ಒಂದು ತಿಂಗಳು ಎಬ್ಬಿಸಬೇಡ. ಆಮೇಲೂ ಆ ಗಾಜು ಹೋಗಲಿಲ್ಲ ಅಂದ್ರೆ ಡಾಕ್ಟರ ಹತ್ರ ಹೋಗೋಣ, ನಾನೇ ಬರ್ತೀನಿ" ಎಂದೆ.

ನಿಮ್ಮ ಮನೆಯಲ್ಲೂ ಈ ವಿದ್ಯೆ ಹಿಡಿದ ಮಕ್ಕಳಿರಬಹುದು. ಬೈಯಬೇಡಿ, ಅವರು ಕಂಡದ್ದು ನಿಜವಾಗಿಯೂ ಬೆರಗಿನ ಲೋಕ. ಅವರು ರಾತ್ರಿ ಪೂರ್ತಿ ಮಲಗುತ್ತಾರೆಯೇ ನೋಡಿ. ಎಚ್ಚರವೇ ಕನಸಿನಂತೆ ತೋರುತ್ತಿದೆ ಎಂದರೆ ಅಥವಾ ಇಲ್ಲದ ದನಿಗಳು ಕೇಳಿಸುತ್ತಿವೆ ಎಂದರೆ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್‌ನವರು ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದ ದಿನಗಳಲ್ಲಿ ಕಾಫಿ ಕೊಡುವಾಗ, ರಾತ್ರಿ ಏನು ಕನಸು ಬಿತ್ತಪ್ಪ ಎಂದು ಕೇಳಿ.